ಅವಳು ಉಣ್ಣುವಾಗ ಗೂಡು ಕಾಯುವವರು ಯಾರು?

‘ಡಾಕ್ಟ್ರೇ, ಮಗೂಗೆ ಹಾಲು ಸಾಲ್ತಾ ಇಲ್ಲ. ಒಳ್ಳೇ ಡಬ್ಬಿ ಹಾಲು ಯಾವುದಾದ್ರೂ ಬರೆದುಕೊಡಿ.’

ಐದು ತಿಂಗಳ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಅಜ್ಜಿ ಹೀಗೆಂದಾಗ ನಾನು ಎಂದಿನಂತೆ ಮೊದಲು ಮಗುವನ್ನು ತೂಗಿ ನೋಡಿದೆ. ತಾಯಿ ಕಾರ್ಡಿನಲ್ಲಿ ಮೂರನೆಯ ತಿಂಗಳವರೆಗೆ ಚೆನ್ನಾಗಿ ಮೇಲೇರಿದ್ದ ತೂಕದ ಗೆರೆ ಆಮೇಲೆ ಮಲಗಿಬಿಟ್ಟಿತ್ತು. ಮಗುವಿಗೆ ಜ್ವರವಿಲ್ಲ, ಭೇದಿಯಿಲ್ಲ, ಕಣ್ಣುಗಳಲ್ಲಿ ಚುರುಕಿತ್ತು. ‘ತಾಯಿ ಎಲ್ಲಿ?’ ಎಂದೆ. ಬಾಗಿಲ ಬಳಿ ಗೋಡೆಗೆ ಒರಗಿ ನಿಂತಿದ್ದ ಹುಡುಗಿಯನ್ನು ಅಜ್ಜಿ ತೋರಿಸಿದರು. ಅವಳನ್ನು ಕೂರಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.1 ಗ್ರಾಂ. ಇರಬೇಕಾದದ್ದು ಕನಿಷ್ಠ 12.

‘ಬೆಳಿಗ್ಗೆ ಏನು ತಿಂದೆಯಮ್ಮ?’

‘ಕಾಫಿ ಕುಡಿದೆ ಸಾರ್.’

ಆಗ ಗಂಟೆ ಹನ್ನೊಂದೂವರೆ.

ವಿಚಾರಿಸುತ್ತ ಹೋದಂತೆ ವಿಷಯ ತಿಳಿಯಿತು. ತವರಿನಲ್ಲಿ ಮೂರು ತಿಂಗಳ ಬಾಣಂತನ ಮುಗಿಸಿ ಗಂಡನ ಮನೆಗೆ ಬಂದಿದ್ದಳು. ಐದು ಜನರ ಅಡುಗೆ, ಬಟ್ಟೆ, ಪಾತ್ರೆ ಎಲ್ಲ ಮತ್ತೆ ಅವಳ ಪಾಲಿಗೆ. ಎಲ್ಲರಿಗೂ ಬಡಿಸಿ ಇನ್ನು ತಾನು ಕೂರಬೇಕೆನ್ನುವಾಗ ಮಗು ಎದ್ದು ಅಳುತ್ತಿತ್ತು. ಅದನ್ನು ಸುಧಾರಿಸಿ ಬರುವಷ್ಟರಲ್ಲಿ ಹಸಿವೆಯೇ ಸತ್ತಿರುತ್ತಿತ್ತು. ‘ಹೆರಿಗೆ ಆಯ್ತಲ್ಲ’ ಎಂದು ಕಬ್ಬಿಣದ ಮಾತ್ರೆಯನ್ನೂ ನಿಲ್ಲಿಸಿದ್ದಳು. ಸುಸ್ತಿನಿಂದಾಗಿ ಹಗಲು ಹೊತ್ತು ಎದೆಹಾಲು ಕೊಡುವುದು ಕಡಿಮೆಯಾಗಿತ್ತು. ಅದರ ಬದಲು ಅಜ್ಜಿ ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕೊಡುತ್ತಿದ್ದರು.

ಆ ಅಜ್ಜಿ ಕೆಟ್ಟವರೇನಲ್ಲ. ಮೊಮ್ಮಗನಿಗಾಗಿ ಎರಡು ಬಸ್ಸು ಬದಲಿಸಿ ಬಂದಿದ್ದರು. ಸೊಸೆಯ ಕಡೆಗೆ ಯಾರ ಗಮನವೂ ಹರಿದಿರಲಿಲ್ಲ, ಅಷ್ಟೆ.

ಅವರನ್ನು ಕಳಿಸಿದ ದಿನ ರಾತ್ರಿ ನನಗೆ ನೆನಪಾದದ್ದು ಒಂದು ಹಕ್ಕಿಯ ಗೂಡು.

ಗೂಡಿನಲ್ಲಿ ಕಂಡದ್ದು

ಆಸ್ಪ್ರೆ ಎಂಬುದು ಮೀನು ಹಿಡಿದೇ ಬದುಕುವ, ಹದ್ದಿನಂಥ ಹಕ್ಕಿ. ರೆಕ್ಕೆ ಬಿಚ್ಚಿದರೆ ಸುಮಾರು ಒಂದೂವರೆ ಮೀಟರು ಅಗಲ. ಮೇಲಿನಿಂದ ನೀರಿಗೆ ಧುಮುಕಿ, ಕಾಲಿನಿಂದಲೇ ಮೀನನ್ನು ಹಿಡಿದು ಮೇಲೇಳುತ್ತದೆ. ಜಾರುವ ಮೀನು ತಪ್ಪಿಸಿಕೊಳ್ಳದಂತೆ ಅದರ ಪಾದದ ಅಡಿಯಲ್ಲಿ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಚಳಿಗಾಲದಲ್ಲಿ ನಮ್ಮ ಕಬಿನಿ, ಭದ್ರಾ ಜಲಾಶಯಗಳ ಹಿನ್ನೀರಿನಲ್ಲೂ ಆಸ್ಪ್ರೆಗಳನ್ನು ಕಾಣಬಹುದು. ಆದರೆ ಇಲ್ಲಿ ಅವು ಅತಿಥಿಗಳು ಮಾತ್ರ. ಗೂಡು ಕಟ್ಟಿ ಮರಿ ಮಾಡುವುದು ಉತ್ತರದ ತಂಪು ನಾಡುಗಳಲ್ಲಿ.

ಬ್ರಿಟನ್ನಿನಲ್ಲಿ ಗೂಡು ಕಟ್ಟುವ ಆಸ್ಪ್ರೆಗಳು ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತವೆ, ನಮ್ಮಲ್ಲಿಗೆ ಬರುವುದಿಲ್ಲ. ಆದರೂ ಅವುಗಳ ಸಂಸಾರವನ್ನು ನಾವು ಮನೆಯಲ್ಲೇ ಕೂತು ನೋಡಬಹುದು. ಅಲ್ಲಿನ ಹಕ್ಕಿಪ್ರಿಯರ ಸಂಸ್ಥೆಗಳು ಗೂಡಿನ ಪಕ್ಕದಲ್ಲಿ ಕ್ಯಾಮೆರಾ ಇಟ್ಟು, ನಡೆಯುವುದನ್ನೆಲ್ಲ ಇಂಟರ್‌ನೆಟ್‌ನಲ್ಲಿ ನೇರವಾಗಿ ತೋರಿಸುತ್ತವೆ. ಕಾಲೇಜಿಗೆ ಹೋಗುವ ನನ್ನ ಮಗಳು ರಜೆಯಲ್ಲಿ ಇದನ್ನು ಹುಡುಕಿಟ್ಟಿದ್ದಳು. ಕ್ಲಿನಿಕ್ ಮುಗಿಸಿ ರಾತ್ರಿ ಒಂಬತ್ತೂವರೆಗೆ ನಾನು ಊಟಕ್ಕೆ ಕೂತಾಗ ಅಲ್ಲಿ ಸಂಜೆ ಐದು ಗಂಟೆ, ಇನ್ನೂ ಒಳ್ಳೆಯ ಬೆಳಕು. ಮೊದಲು ಮಗಳಿಗಾಗಿ ನೋಡಿದೆ. ಆಮೇಲೆ ನನಗಾಗಿಯೇ ನೋಡತೊಡಗಿದೆ.

ಏಪ್ರಿಲ್‌ನಲ್ಲಿ ಹೆಣ್ಣು ಸಾಮಾನ್ಯವಾಗಿ ಎರಡು ಮೂರು ಮೊಟ್ಟೆ ಇಡುತ್ತದೆ. ಕಾವು ಕೂರುವುದು ಸುಮಾರು 37 ದಿನ. ಹೆಚ್ಚು ಹೊತ್ತು ಕೂರುವುದು ಹೆಣ್ಣೇ. ಈ ದಿನಗಳಲ್ಲಿ ಮೀನು ಹಿಡಿದು ತರುವ ಹೊಣೆ ಗಂಡಿನದು. ಗಂಡು ಸಾಮಾನ್ಯವಾಗಿ ಮೀನಿನ ತಲೆಯ ಭಾಗವನ್ನು ತಾನು ತಿಂದು ಉಳಿದದ್ದನ್ನು ಗೂಡಿಗೆ ತರುತ್ತದೆ. ಹೆಣ್ಣು ಆ ಮೀನನ್ನು ತೆಗೆದುಕೊಂಡು ಹತ್ತಿರದ ಕೊಂಬೆಗೆ ಹೋಗಿ ಕೂತು ನಿಧಾನವಾಗಿ ತಿನ್ನುತ್ತದೆ. ಅದು ತಿಂದು ಬರುವಷ್ಟು ಹೊತ್ತೂ ಗಂಡು ಮೊಟ್ಟೆಗಳ ಮೇಲೆ ಕಾವು ಕೂರುತ್ತದೆ. ಚೂಪಾದ ಉಗುರುಗಳಿಂದ ಮೊಟ್ಟೆಗೆ ಏಟಾಗದಂತೆ ಬೆರಳುಗಳನ್ನು ಮಡಿಚಿ ಹೆಜ್ಜೆಯಿಡುವುದನ್ನು ನೋಡಬೇಕು!

ಮೇ ತಿಂಗಳ ಕೊನೆಗೆ ಮೊಟ್ಟೆಗಳು ಒಡೆಯುತ್ತವೆ. ಎಲ್ಲವೂ ಒಂದೇ ದಿನ ಅಲ್ಲ, ಒಂದೆರಡು ದಿನಗಳ ಅಂತರದಲ್ಲಿ. ಕೋಳಿಮರಿಯಷ್ಟು ಗಾತ್ರದ, ತಲೆಯನ್ನೂ ಸರಿಯಾಗಿ ಎತ್ತಲಾರದ ಮರಿಗಳು. ತಾಯಿ ಮೀನಿನ ಮೆತ್ತನೆಯ ಭಾಗವನ್ನು ಚೂರು ಚೂರಾಗಿ ಕಿತ್ತು, ಮರಿಯ ಕೊಕ್ಕಿನ ಹತ್ತಿರ ಹಿಡಿದು ಕಾಯುತ್ತದೆ. ಬಾಯಿಗೆ ತುರುಕುವುದಿಲ್ಲ. ಮರಿ ತಪ್ಪಿಸಿದರೆ ಮತ್ತೆ ಹಿಡಿಯುತ್ತದೆ. ನಡುನಡುವೆ ಸಿಪ್ಪೆ, ಗಟ್ಟಿ ತುಂಡುಗಳನ್ನು ತಾನು ನುಂಗುತ್ತದೆ. ದಿನಕ್ಕೆ ಎಷ್ಟೋ ಸಲ ಹೀಗೆ. ಏಳೆಂಟು ವಾರಗಳಲ್ಲಿ ಆ ಮರಿಗಳು ಹಾರುವಷ್ಟಾಗುತ್ತವೆ.

ಮನೆಯಲ್ಲಿ ಬಂದ ಪ್ರಶ್ನೆ

ಒಂದು ರಾತ್ರಿ, ಗಂಡು ಹಕ್ಕಿ ಮೊಟ್ಟೆಗಳ ಮೇಲೆ ಕೂತಿರುವಾಗ ಮಗಳು ಕೇಳಿದಳು: ‘ಅಪ್ಪಾ, ನಾನು ಹುಟ್ಟಿದಾಗ ಅಮ್ಮ ಊಟ ಮಾಡೋವಾಗ ನನ್ನನ್ನ ಯಾರು ಎತ್ಕೊಳ್ತಿದ್ರು?’

ನಾನು ಉತ್ತರ ಹುಡುಕುವಷ್ಟರಲ್ಲಿ ಅಡುಗೆಮನೆಯಿಂದಲೇ ನನ್ನ ಹೆಂಡತಿ ಹೇಳಿದಳು: ‘ಯಾರೂ ಇಲ್ಲ. ತೊಡೆ ಮೇಲೆ ಹಾಕ್ಕೊಂಡು, ಎಡಗೈಯಲ್ಲಿ ತಟ್ತಾ ಉಣ್ತಿದ್ದೆ. ನೀನು ಎದ್ದುಬಿಟ್ರೆ ಅದೂ ಇಲ್ಲ.’ ಅದನ್ನು ದೂರುವ ಧ್ವನಿಯಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ತಟ್ಟಿತು.

ಆಗ ನಾನು ಹೊಸದಾಗಿ ಕ್ಲಿನಿಕ್ ಇಟ್ಟಿದ್ದೆ. ದಿನವೂ ಬಾಣಂತಿಯರಿಗೆ ‘ಹೊತ್ತಿಗೆ ಸರಿಯಾಗಿ ಊಟ ಮಾಡಮ್ಮ’ ಎಂದು ಹೇಳುತ್ತಿದ್ದವನು ರಾತ್ರಿ ಮನೆಗೆ ಬಂದು ಕೈಕಾಲು ತೊಳೆದು ನೇರವಾಗಿ ತಟ್ಟೆಯ ಮುಂದೆ ಕೂರುತ್ತಿದ್ದೆ. ಆ ಒಂದು ಅರ್ಧ ಗಂಟೆ ಮಗುವನ್ನು ಎತ್ತಿಕೊಂಡು ‘ಮೊದಲು ನೀನು ಉಣ್ಣು’ ಎನ್ನಬಹುದಿತ್ತು. ನನಗೆ ಹೊಳೆಯಲೇ ಇಲ್ಲ.

ಕಾವಲು ಯಾವಾಗ ಮುಗಿಯುತ್ತದೆ?

ಆಸ್ಪ್ರೆ ಗೂಡಿನ ಕಾವಲಿಗೆ ಒಂದು ಇತಿಹಾಸವಿದೆ. ಬೇಟೆಗಾರರು ಮತ್ತು ಮೊಟ್ಟೆ ಸಂಗ್ರಹಿಸುವ ಹವ್ಯಾಸಿಗಳ ಕಾಟದಿಂದ ಬ್ರಿಟನ್ನಿನಲ್ಲಿ ಈ ಹಕ್ಕಿಯ ಗೂಡುಗಳು 1916ರ ಹೊತ್ತಿಗೆ ಇಲ್ಲವಾಗಿದ್ದವು. 1954ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಜೋಡಿ ಮತ್ತೆ ಕಾಣಿಸಿಕೊಂಡಿತು. ಲಾಕ್ ಗಾರ್ಟನ್ ಎಂಬ ಸರೋವರದ ಬಳಿ ಕಾವಲು ಹಾಕಿದ್ದರೂ 1958ರಲ್ಲಿ ಕತ್ತಲಲ್ಲಿ ಮೊಟ್ಟೆ ಕದ್ದರು. ಮರುವರ್ಷ ಅಲ್ಲಿನ ಹಕ್ಕಿ ಸಂರಕ್ಷಣಾ ಸಂಘದ ಜಾರ್ಜ್ ವಾಟರ್‌ಸ್ಟನ್ ಅವರು ಗೂಡಿರುವ ಜಾಗವನ್ನು ಗುಟ್ಟಾಗಿಡದೆ ಜನರಿಗೇ ತೋರಿಸಲು ನಿರ್ಧರಿಸಿದರು. 1959ರ ಆ ಬೇಸಿಗೆಯಲ್ಲಿ ಸುಮಾರು 14,000 ಜನ ದೂರದಿಂದ ಗೂಡನ್ನು ನೋಡಿದರು. ಮೂರು ಮರಿಗಳು ಬೆಳೆದು ಹಾರಿದವು. ಹಲವು ಕಣ್ಣುಗಳ ಕಾವಲು ಕೆಲಸ ಮಾಡಿತು. ಮರಿಗಳು ಹಾರುವವರೆಗೂ ಆ ಕಾವಲು ಇತ್ತು.

ನಮ್ಮಲ್ಲಿಯೂ ಬಾಣಂತನವೆಂಬ ಒಳ್ಳೆಯ ಕಾವಲಿದೆ. ಎಣ್ಣೆ ನೀರು, ಬಿಸಿ ಊಟ, ತುಪ್ಪ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ಉತ್ತರ ಕರ್ನಾಟಕದ ಅಂಟಿನುಂಡೆ, ಕೈಗೊಬ್ಬರು ಕಾಲಿಗೊಬ್ಬರು. ಇದೆಲ್ಲ ನಡೆಯುವುದು ಎಷ್ಟು ದಿನ? ಕೆಲವರಿಗೆ 40 ದಿನ, ಅದೃಷ್ಟವಿದ್ದರೆ ಮೂರು ತಿಂಗಳು ಅಥವಾ ಐದು ತಿಂಗಳು. ತೊಟ್ಟಿಲು ಗಂಡನ ಮನೆಗೆ ಬರುತ್ತಲೂ ಕಾವಲು ಮುಗಿಯುತ್ತದೆ. ಆದರೆ ಎದೆಹಾಲಿನ ಕೆಲಸ ಮುಗಿದಿರುವುದಿಲ್ಲ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಪೂರಕ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ತಾಯಿಯ ತಟ್ಟೆ

ಒಬ್ಬ ತಾಯಿಯಲ್ಲಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲು ಉತ್ಪತ್ತಿಯಾಗುತ್ತದೆ. ಇದಕ್ಕಾಗಿ ಮೊದಲ ಆರು ತಿಂಗಳು ಅವಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿನ ಆಹಾರ ಬೇಕು. ಗರ್ಭಿಣಿಯಾಗಿದ್ದಾಗ ಬೇಕಾಗುವುದಕ್ಕಿಂತಲೂ ಇದು ಹೆಚ್ಚು. ಗಾಬರಿಯಾಗಬೇಡಿ. ಎಂದಿನ ಊಟದ ಮೇಲೆ ಎರಡು ಚಪಾತಿ, ಒಂದು ಬಟ್ಟಲು ಗಟ್ಟಿ ಬೇಳೆ, ಒಂದು ಲೋಟ ಹಾಲು, ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ, ಇಷ್ಟಾದರೆ ಲೆಕ್ಕ ಸರಿಹೋಗುತ್ತದೆ. ತಿನ್ನುವವರು ಮೊಟ್ಟೆ, ಮೀನು ತಿನ್ನಲಿ. ರಾಗಿ, ಸೊಪ್ಪು, ಹುರುಳಿ, ಬೆಲ್ಲದ ಚಿಕ್ಕಿ ನಮ್ಮ ಮನೆಗಳಲ್ಲೇ ಇರುವಂಥವು. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವುದನ್ನು ನಮ್ಮ ರಾಜ್ಯ 2017ರಲ್ಲಿ ಆರಂಭಿಸಿತು. ಅದನ್ನು ಪಡೆಯುವುದರಲ್ಲಿ ಸಂಕೋಚ ಬೇಡ.

ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ಬರುತ್ತದೆ, ತರಕಾರಿ ಶೀತ, ಹಣ್ಣು ತಿಂದರೆ ಮಗುವಿಗೆ ನೆಗಡಿ ಎಂಬ ಮಾತುಗಳನ್ನು ಇಂದಿಗೂ ಕೇಳುತ್ತೇನೆ. ಇವಕ್ಕೆ ಆಧಾರವಿಲ್ಲ. ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು. ಹಾಲುಣಿಸಲು ಕೂರುವಾಗ ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ.

ಇಲ್ಲಿ ಒಂದು ಸೂಕ್ಷ್ಮವಿದೆ. ತಾಯಿ ಸರಿಯಾಗಿ ಉಣ್ಣದಿದ್ದರೂ ಹಾಲು ಕೂಡಲೇ ನಿಲ್ಲುವುದಿಲ್ಲ. ದೇಹ ತನ್ನ ಉಳಿತಾಯದಿಂದ ತೆಗೆದು ಕೊಡುತ್ತದೆ. ಮಗು ದುಂಡಗೆ ಕಾಣುತ್ತಿರುತ್ತದೆ, ತಾಯಿ ಒಳಗೊಳಗೇ ಸವೆಯುತ್ತಿರುತ್ತಾಳೆ. ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಸಿಡುಕು, ಇವನ್ನೆಲ್ಲ ‘ಬಾಣಂತಿಯರಿಗೆ ಇದ್ದದ್ದೇ’ ಎಂದು ತಳ್ಳಿಹಾಕುತ್ತೇವೆ. ಹೆರಿಗೆಯ ನಂತರ ಒಂದಷ್ಟು ಕೂದಲು ಉದುರುವುದು ಸಹಜ, ನಿಜ. ಆದರೆ ಉಳಿದ ಲಕ್ಷಣಗಳೂ ಜೊತೆಗಿದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ ಇದೆ.

ಕಬ್ಬಿಣ ಮತ್ತು ಫೋಲಿಕ್ ಆಸಿಡ್ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ, ದಿನಕ್ಕೊಂದರಂತೆ ತೆಗೆದುಕೊಳ್ಳಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಅದು ಉಚಿತ. ಕಾಫಿ, ಟೀ ಅಥವಾ ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ ಶರಬತ್ತಿನ ಜೊತೆ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಕಿಲ್ಲ.

ಇನ್ನೊಂದು ವಿಷಯ ಮನಸ್ಸಿನದು. ನಮ್ಮ ದೇಶದಲ್ಲಿ ಹೆರಿಗೆಯಾದ ಐವರು ತಾಯಂದಿರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಣಿಸಿಕೊಳ್ಳುತ್ತದೆ. ಎರಡು ವಾರ ಕಳೆದರೂ ಅಳು, ನಿರಾಸೆ, ನಿದ್ರೆ ಬಾರದಿರುವುದು, ಮಗುವಿನ ಮೇಲೆ ಆಸಕ್ತಿಯಿಲ್ಲದಿರುವುದು ಹಾಗೆಯೇ ಇದ್ದರೆ ವೈದ್ಯರಿಗೆ ತೋರಿಸಿ. ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ತನಗಾಗಲಿ ಮಗುವಿಗಾಗಲಿ ಏನಾದರೂ ಮಾಡಿಬಿಡುತ್ತೇನೆ ಎಂಬ ಮಾತು ಬಂದರೆ ಅಂದೇ ಆಸ್ಪತ್ರೆಗೆ ಕರೆತನ್ನಿ, ಅವಳನ್ನು ಒಂಟಿಯಾಗಿ ಬಿಡಬೇಡಿ.

ಹಕ್ಕಿಯಿಂದ ಕಲಿಯಬಾರದ್ದು

ಹಕ್ಕಿಗಳ ಸಂಸಾರವನ್ನು ಆದರ್ಶವೆಂದು ಹೊಗಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ.

ಉತ್ತರ ವೇಲ್ಸ್‌ನ ಗ್ಲಾಸ್ಲಿನ್ ಕಣಿವೆಯಲ್ಲಿ 2004ರಿಂದ ಒಂದು ಹೆಣ್ಣು ಆಸ್ಪ್ರೆ ಗೂಡು ಮಾಡುತ್ತ ಬಂದಿತ್ತು. ನೋಡುಗರು ಅದನ್ನು ‘ಮಿಸೆಸ್ ಜಿ’ ಎಂದು ಕರೆಯುತ್ತಿದ್ದರು. ಅನೇಕ ಮರಿಗಳನ್ನು ಬೆಳೆಸಿದ ಅನುಭವಿ ತಾಯಿ. 2021ರಲ್ಲಿ ಮರಿಗಳು ಇನ್ನೂ ಹಸುಗೂಸಾಗಿದ್ದಾಗ ಅದರ ಜೊತೆಗಾರ ‘ಆರನ್’ ರೆಕ್ಕೆಯ ಗರಿಗಳನ್ನು ಕಳೆದುಕೊಂಡು ಮೀನು ಹಿಡಿಯಲಾರದೆ ಹೋಯಿತು. ತಾಯಿ ಹಕ್ಕಿ ಗಟ್ಟಿಮುಟ್ಟಾಗಿಯೇ ಇತ್ತು. ಆದರೂ ಆ ವರ್ಷದ ಮರಿಗಳಲ್ಲಿ ಒಂದೂ ಉಳಿಯಲಿಲ್ಲ. ಅಲ್ಲಿನ ಕಾರ್ಯಕರ್ತರು ಮೀನು ತಂದಿಟ್ಟು ದೊಡ್ಡ ಹಕ್ಕಿಗಳೆರಡನ್ನೂ ನೋಡಿಕೊಂಡರು.

ತಂದೆ ತರುವುದು ನಿಂತರೆ ಆ ಗೂಡಿಗೆ ಬೇರೆ ದಿಕ್ಕಿಲ್ಲ. ಅಲ್ಲಿ ಅಜ್ಜಿಯಿಲ್ಲ, ಅತ್ತಿಗೆಯಿಲ್ಲ, ನೆರೆಮನೆಯಿಲ್ಲ. ಮೀನು ಕಡಿಮೆಯಾದರೆ ಮೊದಲು ಹುಟ್ಟಿದ ದೊಡ್ಡ ಮರಿಗಳು ಮುನ್ನುಗ್ಗಿ ತಿನ್ನುತ್ತವೆ, ಕೊನೆಯ ಮರಿಯನ್ನು ಕುಕ್ಕಿ ಹಿಂದಕ್ಕೆ ತಳ್ಳುತ್ತವೆ. ತಾಯಿ ಅದನ್ನು ತಡೆಯುವುದಿಲ್ಲ. ಎಷ್ಟೋ ಗೂಡುಗಳಲ್ಲಿ ಕೊನೆಯ ಮರಿ ಹಸಿವಿನಿಂದಲೇ ಸಾಯುತ್ತದೆ. ಹಕ್ಕಿಗೆ ಅದು ಪ್ರಕೃತಿ. ನಾವು ಮನುಷ್ಯರು. ನಮಗೆ ಅಂಗನವಾಡಿಯಿದೆ, ಆಶಾ ಕಾರ್ಯಕರ್ತೆಯಿದ್ದಾರೆ, ಬಂಧುಗಳಿದ್ದಾರೆ. ಗಂಡನಿಗೆ ಕಾಯಿಲೆಯಾಗಲಿ, ಕೆಲಸ ಹೋಗಲಿ, ಅವನು ದೂರದೂರಿನಲ್ಲಿರಲಿ, ಆ ತಾಯಿಯ ಊಟವನ್ನು ಇನ್ನೊಬ್ಬರು ಹೊತ್ತುಕೊಳ್ಳಬಹುದು. ಮನೆಯಲ್ಲಿ ಸೊರಗಿದ ಮಗುವಿದ್ದರೆ, ಹಿಂದಕ್ಕೆ ಬಿದ್ದ ಹೆಣ್ಣುಮಗುವಿದ್ದರೆ, ಮೊದಲ ತುತ್ತು ಅದಕ್ಕೆ ಸಿಗುವಂತೆ ನೋಡಿಕೊಳ್ಳಬಹುದು.

ಮಗುವಿನ ತುತ್ತು

ತುತ್ತು ಕೊಡುವ ರೀತಿಯನ್ನು ಮಾತ್ರ ಆ ತಾಯಿಹಕ್ಕಿಯಿಂದ ಕಲಿಯಬಹುದು. ಆರು ತಿಂಗಳು ತುಂಬಿದ ಮೇಲೆ ಎರಡು ಮೂರು ಚಮಚದಿಂದ ಆರಂಭಿಸಿ. ರಾಗಿ ಸರಿ, ನುಣ್ಣಗೆ ಕಿವುಚಿದ ಅನ್ನ ಬೇಳೆ, ಬೇಯಿಸಿದ ತರಕಾರಿ, ಬಾಳೆಹಣ್ಣು, ಮೊಟ್ಟೆ, ಮೇಲೊಂದು ಹನಿ ತುಪ್ಪ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿಯಿರಲಿ, ತೆಳ್ಳಗಿನ ಗಂಜಿಯಲ್ಲಿ ಸತ್ವವಿಲ್ಲ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಸಲ. ಒಂದು ವರ್ಷದೊಳಗೆ ಜೇನುತುಪ್ಪ ಬೇಡ, ಸಕ್ಕರೆ ಉಪ್ಪು ಬೇಡ. ಮೂಗು ಹಿಡಿದು, ಕೈಕಾಲು ಅದುಮಿ ತುರುಕಬೇಡಿ. ತುತ್ತು ತೋರಿಸಿ, ಕಾಯಿರಿ. ಬಾಯಿ ತಿರುಗಿಸಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೋರಿಸಿ.

ಹಾಲು ಸಾಲುತ್ತಿದೆಯೇ ಎಂಬ ಅನುಮಾನ ಬಂದರೆ ಡಬ್ಬಿಗೆ ಕೈಹಾಕುವ ಮೊದಲು ಎರಡು ವಿಷಯ ನೋಡಿ. ಎದೆಹಾಲನ್ನಷ್ಟೇ ಕುಡಿಯುವ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಮಗು ಹೆಚ್ಚು ಸಲ ಚೀಪಿದಷ್ಟೂ ಹಾಲು ಹೆಚ್ಚುತ್ತದೆ, ಬಾಟಲಿ ಬಂದಷ್ಟೂ ಕಡಿಮೆಯಾಗುತ್ತದೆ. ತೂಕ ಏರದಿದ್ದರೆ ಮಗುವಿನ ಜೊತೆಗೆ ತಾಯಿಯನ್ನೂ ವೈದ್ಯರಿಗೆ ತೋರಿಸಿ.

ಆ ಅಜ್ಜಿಗೆ ನಾನು ಡಬ್ಬಿ ಹಾಲು ಬರೆದುಕೊಡಲಿಲ್ಲ. ಬಾಟಲಿ ಬಿಡಿಸಿ, ಹಗಲಿನಲ್ಲೂ ಎರಡು ಮೂರು ಗಂಟೆಗೊಮ್ಮೆ ಎದೆಹಾಲು ಕೊಡಲು ಹೇಳಿದೆ. ವಾರಕ್ಕೊಮ್ಮೆ ತೂಕ ನೋಡಲು ಬರಹೇಳಿದೆ. ಸೊಸೆಗೆ ಚಿಕಿತ್ಸೆಯ ಪ್ರಮಾಣದ ಕಬ್ಬಿಣದ ಮಾತ್ರೆ ಬರೆದೆ. ಚೀಟಿಯ ಕೊನೆಯಲ್ಲಿ ಕನ್ನಡದಲ್ಲಿ ಇನ್ನೊಂದು ಸಾಲು ಬರೆದು ಗಟ್ಟಿಯಾಗಿ ಓದಿ ಹೇಳಿದೆ: ‘ದಿನಕ್ಕೆ ಮೂರು ಸಲ, ಅರ್ಧ ಗಂಟೆ, ಇವಳು ಊಟ ಮಾಡುವಾಗ ಮಗುವನ್ನು ಬೇರೆಯವರು ಎತ್ತಿಕೊಳ್ಳುವುದು.’ ಅಜ್ಜಿ ನಕ್ಕರು. ‘ಇದೂ ಔಷಧೀನಾ ಡಾಕ್ಟ್ರೇ?’ ಎಂದರು. ‘ಹೌದಮ್ಮ, ಮಾತ್ರೆ ಮರೆತರೂ ಇದನ್ನು ಮರೀಬೇಡಿ’ ಎಂದೆ.

ಆರು ವಾರಗಳಲ್ಲಿ ಹಿಮೋಗ್ಲೋಬಿನ್ 10 ದಾಟಿತು. ಮಗುವಿನ ತೂಕದ ಗೆರೆ ಮತ್ತೆ ಮೇಲೇರಿತು.

ಒಂಬತ್ತನೆಯ ತಿಂಗಳ ಲಸಿಕೆ ಹಾಕಿಸಿದ ದಿನ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕ್ಲಿನಿಕ್ಕಿಗೆ ಬಂದದ್ದು ಅದರ ಅಪ್ಪ. ನಾನು ಅವನನ್ನು ನೋಡಿದ್ದು ಅದೇ ಮೊದಲು. ‘ತಾಯಿ ಬರಲಿಲ್ವೇನಪ್ಪ?’ ಎಂದು ಕೇಳಿದೆ.

‘ಬಂದಿದಾಳೆ ಸಾರ್. ಎದುರಿಗಿನ ಹೋಟೆಲ್ಲಲ್ಲಿ ತಿಂಡಿ ತಿಂತಾ ಇದಾಳೆ. ಅವಳು ತಿಂದು ಬರೋವರೆಗೂ ಇವನು ನನ್ನ ಜೊತೆ’ ಎಂದ.